ರಬ್ಬರ್ ಕೈ ಅಳುವುದಿಲ್ಲ

ಜೂನ್ ೧೨, ಗುರುವಾರ

ನಾಳೆ ಲ್ಯಾಬ್ ಟೆಕ್ನಿಷಿಯನ್ ಕೆಲಸದ ಸಂದರ್ಶನ.

‘ಮಕ್ಕಳ ವಾರ್ಡಿನಲ್ಲಿ ರಕ್ತ ತೆಗೆಯುವುದನ್ನು ನೋಡಿದ್ದೇನೆ’ ಎಂದಷ್ಟೇ ನಾನು ಬರೆದಿದ್ದೆ. ಅರ್ಜಿಯನ್ನು ಚಂದ ಮಾಡಿಕೊಡು ಎಂದು ಎಐಗೆ ಕೊಟ್ಟರೆ, ಆ ಹಾಳಾದ್ದು ‘ಮಕ್ಕಳ ರಕ್ತ ತೆಗೆಯುವುದರಲ್ಲಿ ನುರಿತವಳು’ ಎಂದು ತಿದ್ದಿತ್ತು. ನಾನೋ ಮಹಾರಾಯ್ತಿ, ಓದದೆಯೇ ಕಳಿಸಿಬಿಟ್ಟೆ. ಇವತ್ತು ಲ್ಯಾಬಿನ ಮೇಡಂ ಫೋನು ಮಾಡಿದರು. “ನಿಮ್ಮಂಥವರೇ ಬೇಕಾಗಿತ್ತಮ್ಮ. ನಾಳೆ ಬಂದವರೇ ವಾರ್ಡಲ್ಲಿ ಒಂದು ಮಗೂದು ರಕ್ತ ತೆಗೆದು ತೋರಿಸಿ.”

ನಾನು ಸೂಜಿ ಚುಚ್ಚಿರುವುದು ಕಾಲೇಜಿನ ರಬ್ಬರ್ ಕೈಗೆ ಮಾತ್ರ.

ಅಕ್ಕನಿಗೆ ಹೇಳಿದರೆ, “ಎಲ್ರೂ ಹಾಗೇ ಬರೆಸ್ಕೊಳ್ಳೋದು ಕಣೇ. ಸುಮ್ನೆ ಹೋಗಿ ಬಾ” ಎಂದಳು. ಅವಳ ಮಗು ಪಕ್ಕದಲ್ಲೇ ಮಲಗಿತ್ತು. ಅದರ ಪುಟ್ಟ ತೋಳಿನ ಮೇಲೆ ಬೆರಳಿಟ್ಟು ನರ ಹುಡುಕಿದೆ. ಸಿಗಲಿಲ್ಲ. ಮತ್ತೆ ಒತ್ತಿದೆ. ಮಗು ಕಣ್ಣುಬಿಟ್ಟು, ಆಟವೆಂದುಕೊಂಡು ಇನ್ನೊಂದು ಕೈಯನ್ನೂ ಚಾಚಿತು.

ಅಕ್ಕ ಮಗುವಿನ ಎರಡೂ ಕೈಗಳನ್ನು ಹೊದಿಕೆಯೊಳಗೆ ಸೇರಿಸಿದಳು.

ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದ್ದೇನೆ, ನನ್ನದೇ ಒರಟು ಮಾತಿನಲ್ಲಿ. ಕಳಿಸಿ ಫೋನನ್ನು ಬೋರಲು ಹಾಕಿದೆ. ಈಗಷ್ಟೇ ಗುಂಯ್ ಎಂದಿತು. ತಿರುಗಿಸಿ ನೋಡಲು ಕೈಯೇ ಬರುತ್ತಿಲ್ಲ.