ಪ್ರಿಂಟರ್ ಕೆಟ್ಟಿಲ್ಲ

ಅಕ್ಕಾ,

ನೀನು ಕಳಿಸಿದ ವಿಚ್ಛೇದನದ ಅರ್ಜಿ ಮೂರು ವಾರವಾದರೂ ಮುದ್ರಣವಾಗಿಲ್ಲ. ಮಗಳ ಶಾಲೆಯ ಹಾಳೆಗಳು ಸಲೀಸಾಗಿ ಬರುತ್ತವೆ. ಅರ್ಜಿಯನ್ನು ಮುದ್ರಣಕ್ಕೆ ಕೊಟ್ಟ ಕೂಡಲೇ ಪ್ರಿಂಟರಿಗೆ ವೈಫೈ ತಪ್ಪಿಹೋಗುತ್ತದೆ. ಪ್ರತಿ ಸಲವೂ ಇವರೇ ನಗುತ್ತಾ ಬಂದು ಸರಿಮಾಡಿಕೊಟ್ಟರು.

ಇವತ್ತು ಇವರು ಕೆಲಸಕ್ಕೆ ಹೋದ ಮೇಲೆ ರಿಪೇರಿಯವರನ್ನು ಕರೆಸಿದೆ. "ಪ್ರಿಂಟರ್ ಕೆಟ್ಟಿಲ್ಲಮ್ಮ, ಯಾರೋ ಫೋನಿಂದ ಕನೆಕ್ಷನ್ ತೆಗೀತಿದ್ದಾರೆ. ನೀವು ಕಳಿಸಿದ್ದೆಲ್ಲ ಆ ಫೋನಲ್ಲೂ ಕಾಣುತ್ತೆ" ಅಂದರು. ಅವರು ತೋರಿಸಿದ ಫೋನಿನ ಹೆಸರು ನೋಡಿದೆ. ಆ ಫೋನು ಇವರದೇ.

ಮೂರು ವಾರದಿಂದ ಇವರಿಗೆ ಎಲ್ಲ ಗೊತ್ತು. ಒಂದು ಮಾತೂ ಎತ್ತಿಲ್ಲ. ನಿನ್ನೆ ಮಾತ್ರ ಮಲಗುವ ಕೋಣೆಯ ಒಳಚಿಲಕವನ್ನು ಬಿಚ್ಚಿ ತೆಗೆದರು.

ಈ ಪತ್ರವನ್ನು ರಿಪೇರಿಯವರ ಕೈಲೇ ಕಳಿಸುತ್ತಿದ್ದೇನೆ. ಫೋನ್ ಮಾಡಬೇಡ. ನಾಳೆ ಹನ್ನೊಂದಕ್ಕೆ ಶಾಲೆಯ ಗೇಟಿಗೆ ಕಾರು ತಾ. ನಾನು ಬಂದಿರದಿದ್ದರೆ ಮೊದಲು ಮಗಳನ್ನು ಕರೆದುಕೊಂಡು ಹೋಗು. ಆಮೇಲೆ ಪೊಲೀಸರ ಜೊತೆ ಮನೆಗೆ ಬಾ, ಒಬ್ಬಳೇ ಬರಬೇಡ.

ನಿನ್ನ ತಂಗಿ