ನೂರಕ್ಕೆ ನೂರರಲ್ಲಿ ಕಾಣದ ಹನ್ನೆರಡು ಮಕ್ಕಳು

ಉಡುಪಿ, ೨೧ ಮೇ ೧೯೮೪

ಮಾನ್ಯ ಸಹಾಯಕ ವಿದ್ಯಾಧಿಕಾರಿಯವರೇ,

ಉಡುಪಿ ತಾಲೂಕಿನ ಸಮಸ್ತ ನಾಗರಿಕರ ಸಮಕ್ಷಮದಲ್ಲಿ ಹೆಮ್ಮೆಯಿಂದ ಸಾರುತ್ತಿದ್ದೇನೆ: ಕಳೆದ ಫೆಬ್ರವರಿಯ ತಪಾಸಣೆಯಂದು ತಾವು ಒರಗಿದ ಕೂಡಲೇ ಕಳಚಿಬಿದ್ದ ನಮ್ಮ ಶಾಲೆಯ ಏಕಮಾತ್ರ ಕೈಕುರ್ಚಿಯ ಎಡಗೈಯನ್ನು ಎರಡು ಮೊಳೆ ಮತ್ತು ಒಂದು ತುಂಡು ಹುರಿಹಗ್ಗದ ನೆರವಿನಿಂದ ಯಥಾಸ್ಥಾನದಲ್ಲಿ ಪುನಃ ಪ್ರತಿಷ್ಠಾಪಿಸಲಾಗಿದೆ. ಮುಹೂರ್ತ ನೋಡಿಸಿರಲಿಲ್ಲ, ಆದರೂ ಗಟ್ಟಿಯಾಗಿ ನಿಂತಿದೆ. ಇನ್ನು ಕುಳಿತವರಿಗೆ ಭಯವಿಲ್ಲ. ಭಯವೇನಿದ್ದರೂ ಶಾಲೆಗೆ. ಕುರ್ಚಿ ದುರಸ್ತಿಯಾದ ವಾರವೇ ತಮ್ಮ ಕಚೇರಿಯ ಪತ್ರ ಬಂತು. ಏಳನೆಯ ತರಗತಿಯ ಫಲಿತಾಂಶ ಶೇಕಡಾ ನಲವತ್ತೈದಕ್ಕೆ ಇಳಿದಿರುವುದರಿಂದಲೂ, ‘ವಿದ್ಯಾರ್ಥಿಗಳ ಗುಣಮಟ್ಟ ತೀರಾ ಕೆಳಗಿರುವುದರಿಂದಲೂ’ ಬರುವ ಜೂನ್ ಒಂದರಿಂದ ಆ ತರಗತಿಯನ್ನೇ ರದ್ದುಪಡಿಸಲು ಉದ್ದೇಶಿಸಲಾಗಿದೆಯಂತೆ. ಜ್ವರ ಬಂದವನ ಥರ್ಮಾಮೀಟರು ಒಡೆಯುವವರ ವಿಷಯ ಕೇಳಿದ್ದೆ. ಜ್ವರ ಬಂದವನನ್ನೇ ಮನೆಯಿಂದ ಹೊರಗೆ ಹಾಕುವ ವೈದ್ಯಶಾಸ್ತ್ರವನ್ನು ಮೊದಲ ಬಾರಿ ಕಾಣುತ್ತಿದ್ದೇನೆ.

ಗುಣಮಟ್ಟದ ವಿಷಯ. ಬಸ್ ನಿಲ್ದಾಣದ ಹಿಂದಿನ ಓಣಿಯ ಈ ಸರಕಾರಿ ಶಾಲೆಗೆ ಯಾರ ಮಕ್ಕಳು ಬರುತ್ತಾರೆಂದು ತಮಗೆ ತಿಳಿಯದ್ದೇನಲ್ಲ. ಹೋಟೆಲಿನಲ್ಲಿ ಗ್ಲಾಸು ತೊಳೆಯುವವರ ಮಕ್ಕಳು, ಬಸ್ಸಿನ ಕ್ಲೀನರುಗಳ ಮಕ್ಕಳು, ಬೀಡಿ ಕಟ್ಟುವ ತಾಯಂದಿರ ಮಕ್ಕಳು, ಶಿರ್ವದಲ್ಲಿ ಗಲ್ಫ್ ದುಡ್ಡಿನ ಬಂಗಲೆ ಕಟ್ಟಲು ಬಂದು ಇಲ್ಲಿ ಬಿಡಾರ ಹೂಡಿರುವ ತಮಿಳು ಮೇಸ್ತ್ರಿಗಳ ಮಕ್ಕಳು. ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ತಮಿಳು ಒತ್ತಿಕೊಂಡು ಕೂತಿರುತ್ತವೆ. ಕನ್ನಡ ಬರುವುದು ಟೀಚರು ಒಳಗೆ ಬಂದ ಮೇಲೆ. ಇಂಥ ಮಕ್ಕಳು ಕಲಿಯುವುದಿಲ್ಲವೆಂದು ತಾವು ನಂಬಿದ್ದೀರಿ. ನಾನೂ ನಂಬಿದ್ದೆ. ಹೇಗೆ ನಂಬಿದ್ದೆನೆಂದರೆ, ಈ ಶಾಲೆಯಲ್ಲೇ ಓದಿ, ಈ ಶಾಲೆಯ ಬೆಟರ್‌ಮೆಂಟ್ ಕಮಿಟಿಗೆ ಆರು ವರ್ಷದಿಂದ ಕಾರ್ಯದರ್ಶಿಯಾಗಿದ್ದು, ನನ್ನ ಮಗಳು ಸುಭಾಷಿಣಿಯನ್ನು ಮಾತ್ರ ರಸ್ತೆಯಾಚೆಯ ಅನುದಾನಿತ ಶಾಲೆಗೆ ಸೇರಿಸಿದ್ದೆ. ಉತ್ತಮಪಡಿಸುವ ಕಮಿಟಿಯವನಿಗೆ ಯಾವುದು ಉತ್ತಮವೆಂದು ಗೊತ್ತಿರಬೇಕಲ್ಲವೇ?

ಆ ಶಾಲೆಗೆ ಈ ಸಲ ನೂರಕ್ಕೆ ನೂರು ಫಲಿತಾಂಶ. ಕಳೆದ ವಾರ ಪೇಟೆಯ ಸಭಾಭವನದಲ್ಲಿ ತಾವೇ ತಮ್ಮ ಹಸ್ತದಿಂದ ಷೀಲ್ಡು ಕೊಟ್ಟಿರಿ. ಎರಡನೆಯ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಅಂಗೈ ಇನ್ನೂ ಬಿಸಿಯಿರುವಾಗಲೇ ಮನೆಗೆ ನಡೆಯುವ ದಾರಿಯಲ್ಲಿ ಮಗಳು ಕೇಳಿದಳು: “ಅಪ್ಪಾ, ಆರನೆಯಲ್ಲಿ ನಾವು ಐವತ್ತಮೂರು ಜನ ಇದ್ದೆವು. ಪರೀಕ್ಷೆ ಬರೆದದ್ದು ನಲವತ್ತೊಂದು. ನನ್ನ ಬೆಂಚಿನ ಜುಬೈದಾ ಎಲ್ಲಿ ಹೋದಳು?”

ಮಾನ್ಯರೇ, ಅವಳು ಎಲ್ಲಿ ಹೋಗಿದ್ದಳೆಂಬುದು ಮರುದಿನ ಗೊತ್ತಾಯಿತು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಪ್ರಭಾವತಿ ಟೀಚರು ದಾಖಲಾತಿ ಪುಸ್ತಕವನ್ನು ನನ್ನ ಮುಂದೆ ತಿರುಗಿಸಿಟ್ಟರು. ಕಳೆದ ಜೂನಿನಲ್ಲಿ ಏಳನೆಯ ತರಗತಿಗೆ ಹೊಸದಾಗಿ ಸೇರಿದವರು ಹನ್ನೆರಡು. ಹನ್ನೆರಡರ ಎದುರಿಗೂ ‘ಹಿಂದೆ ಓದಿದ ಶಾಲೆ’ ಎಂಬ ಕಾಲಮಿನಲ್ಲಿ ಒಂದೇ ಹೆಸರು. ಐವತ್ತಮೂರರಲ್ಲಿ ಹನ್ನೆರಡು ಕಳೆದರೆ ನಲವತ್ತೊಂದು. ಇಷ್ಟು ಲೆಕ್ಕ ಹಾಕಲು ಷೀಲ್ಡು ಬೇಕಾಗಿಲ್ಲ.

ರಸ್ತೆಯಾಚೆಯವರ ಪದ್ಧತಿ ಬಹಳ ನಯವಾದದ್ದು. ಆರನೆಯಲ್ಲಿ ಹಿಂದೆ ಬಿದ್ದ ಮಗುವಿನ ತಂದೆತಾಯಿಯನ್ನು ಏಪ್ರಿಲಿನಲ್ಲಿ ಕರೆಸಿ, ಬೆಂಚು ತೋರಿಸಿ, ನೀರು ಕೊಟ್ಟು, ಎರಡು ದಾರಿ ಹೇಳುತ್ತಾರೆ. ಇಲ್ಲೇ ಇರುವುದಾದರೆ ಫೇಲು, ಟಿ.ಸಿ. ತೆಗೆದುಕೊಂಡು ಹೋಗುವುದಾದರೆ ಪಾಸು. ಯಾವ ತಾಯಿ ಫೇಲನ್ನು ಆರಿಸಿಕೊಂಡಾಳು? ಟಿ.ಸಿ.ಯಲ್ಲಿ ‘ನಡತೆ ಉತ್ತಮ’ ಎಂದೂ ಬರೆದುಕೊಡುತ್ತಾರೆ. ಸುಳ್ಳಲ್ಲ, ಅಷ್ಟು ಸುಮ್ಮನೆ ಎದ್ದುಹೋದ ಮಕ್ಕಳ ನಡತೆ ಉತ್ತಮವೇ ಇರಬೇಕು. ಅವರೆಲ್ಲ ರಸ್ತೆ ದಾಟಿ ನಮ್ಮಲ್ಲಿಗೆ ಬರುತ್ತಾರೆ, ಏಕೆಂದರೆ ಸರಕಾರಿ ಶಾಲೆಗೆ ಬಾಗಿಲು ಹಾಕುವ ಅಧಿಕಾರವಿಲ್ಲ. ಆ ಅಧಿಕಾರ ತಮಗೆ ಮಾತ್ರ.

ಜುಬೈದಾಳ ತಾಯಿ ರುಕಿಯಮ್ಮನ ಮನೆ ನಮ್ಮ ಶಾಲೆಯ ಓಣಿಯ ತುದಿಯಲ್ಲಿ. ಶನಿವಾರ ಹೋದಾಗ ಆಕೆ ಮಡಿಲ ಮೇಲೆ ಹೊಗೆಸೊಪ್ಪಿನ ಮೊರ, ಅಂದರೆ ತಡ್ಪೆ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ತಡ್ಪೆ, ಹೊಸದು, ಸಣ್ಣದು. ಯಾರಿಗೆಂದು ಕೇಳುವ ಧೈರ್ಯ ನನಗಿರಲಿಲ್ಲ. ಆಕೆಯೇ ಹೇಳಿದಳು, ತಲೆಯೆತ್ತದೆ.

“ಏಳನೆಯದ್ದು ಇಲ್ಲಿ ಇಲ್ಲದಿದ್ದರೆ ಮತ್ತೆ ಎಂತ ಮಾಡುವುದು ರಾಯರೇ? ಆಚೆಯವರು ಪುನಃ ಸೇರಿಸುವುದಿಲ್ಲ. ಇನ್ನೊಂದು ಶಾಲೆಗೆ ಹೈವೇ ದಾಟಿ ನಾಲ್ಕು ಕಿಲೋಮೀಟರು. ನಾನು ಕಳಿಸುವುದಿಲ್ಲ.”

ಜುಬೈದಾ ಬಾಗಿಲ ಹಿಂದೆ ನಿಂತಿದ್ದಳು. ಗಣಿತದಲ್ಲಿ ಅವಳಿಗೆ ಇಪ್ಪತ್ತೊಂದು; ಬೇಕಾದದ್ದು ಮೂವತ್ತೈದು. ಮುಂದಿನ ಮಾರ್ಚಿನಲ್ಲಿ ಪುನಃ ಬರೆಯಬೇಕಾದರೆ ಅವಳ ಹೆಸರು ಒಂದು ಶಾಲೆಯ ಹಾಜರಿಯಲ್ಲಿ ಇರಬೇಕು. “ಭಿನ್ನರಾಶಿ ಒಂದು ಸರಿಯಾಗಿ ಬಂದರೆ ಸಾಕು ಅಂತ ಟೀಚರು ಹೇಳಿದ್ದಾರೆ,” ಎಂದಳು, ನನ್ನನ್ನಲ್ಲ, ತಾಯಿಯನ್ನು ನೋಡುತ್ತ. “ಹದಿನಾಲ್ಕು ಮಾರ್ಕು ಅಷ್ಟೇ ಅಲ್ವಾ?”

ಈಗ ತಮ್ಮ ಶೇಕಡಾದ ಹೊಟ್ಟೆಯನ್ನು ಸ್ವಲ್ಪ ಬಗೆದು ನೋಡೋಣ. ನಮ್ಮಲ್ಲಿ ಪರೀಕ್ಷೆ ಬರೆದವರು ಮೂವತ್ತೊಂದು, ಪಾಸಾದವರು ಹದಿನಾಲ್ಕು. ಒಂದನೆಯ ತರಗತಿಯಿಂದ ನಮ್ಮಲ್ಲೇ ಬೆಳೆದ ಹತ್ತೊಂಬತ್ತು ಮಕ್ಕಳಲ್ಲಿ ಹನ್ನೆರಡು ಮಂದಿ ಪಾಸು. ಗ್ಲಾಸು ತೊಳೆಯುವವರ, ಬೀಡಿ ಕಟ್ಟುವವರ ಮಕ್ಕಳೇ ಇವರು. ನಾನೂ ತಾವೂ ಕಲಿಯುವುದಿಲ್ಲವೆಂದು ನಂಬಿದ್ದವರು. ರಸ್ತೆ ದಾಟಿ ಬಂದ ಹನ್ನೆರಡರಲ್ಲಿ ಪಾಸಾದವರು ಇಬ್ಬರೇ. ಆದರೆ ಜುಬೈದಾ ಬಂದ ವಾರ ಪ್ರಭಾವತಿ ಟೀಚರು ಗಣಿತದಲ್ಲಿ ಪರೀಕ್ಷೆ ಕೊಟ್ಟಾಗ ಅವಳಿಗೆ ಸಿಕ್ಕಿದ್ದು ನೂರಕ್ಕೆ ಆರು. ಹತ್ತು ತಿಂಗಳಲ್ಲಿ ಆರನ್ನು ಇಪ್ಪತ್ತೊಂದು ಮಾಡಿದ ಶಾಲೆಯ ತರಗತಿ ರದ್ದು. ಆರು ವರ್ಷದಲ್ಲಿ ಆರು ಕಲಿಸಿದ ಶಾಲೆಗೆ ಷೀಲ್ಡು. ಕಲ್ಲು ಹೆಕ್ಕಿ ಪಕ್ಕದ ಮನೆಯ ಅನ್ನಕ್ಕೆ ಹಾಕಿ, ನಮ್ಮ ಅನ್ನ ಎಷ್ಟು ನಯ ನೋಡಿ ಎಂದರೆ, ಊಟಕ್ಕೆ ಬಂದ ತಾವು ಪಕ್ಕದ ಮನೆಯವರ ಒಲೆ ಆರಿಸಬೇಕೇ? ಮಕ್ಕಳನ್ನು ಕಲ್ಲೆಂದದ್ದಕ್ಕೆ ಕ್ಷಮೆಯಿರಲಿ. ಅದು ನನ್ನ ಮಾತಲ್ಲ, ತಮ್ಮ ಪತ್ರದ ‘ಗುಣಮಟ್ಟ’ವನ್ನು ಅಡಿಗೆಮನೆಯ ಕನ್ನಡಕ್ಕೆ ಇಳಿಸಿದೆ, ಅಷ್ಟೇ.

ದಾಖಲಾತಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ತಾವು ತಾಳ್ಮೆಯಿಂದ ಕೇಳಿದಿರಿ, ಅದಕ್ಕೆ ಋಣಿ. ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದಿರಿ: “ರಾಯರೇ, ಮೇಲಿನವರು ನೋಡುವುದು ಶೇಕಡಾ. ಮಗು ಎಲ್ಲಿಂದ ಬಂತು ಎಂಬ ಕಾಲಮು ನಮ್ಮ ಫಾರ್ಮಿನಲ್ಲಿ ಇಲ್ಲ. ಅದಿರಲಿ, ನಿಮ್ಮ ಮಗಳು ಯಾವ ಶಾಲೆಗೆ ಹೋಗುವುದು?”

ಗುರಿ ತಪ್ಪಲಿಲ್ಲ, ಮಾನ್ಯರೇ. ಪುಸ್ತಕ ಮಡಚಿಕೊಂಡು ಬಂದುಬಿಟ್ಟೆ. ನಾಲ್ಕು ದಿನ ಕಳೆದ ಮೇಲೆ, ಉತ್ತರವನ್ನು ಊರಿಗೇ ಕೇಳುವಂತೆ ಹೇಳಿದರೆ ಮಾತ್ರ ಮುಂದಿನ ಮಾತಿಗೆ ಬಾಯಿ ಬರುತ್ತದೆಂದು ತೋರಿ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ಹೌದು, ನನ್ನ ಮಗಳು ಆ ನಲವತ್ತೊಂದರಲ್ಲಿ ಒಬ್ಬಳು. ಅವಳ ಪಕ್ಕದ ಜಾಗ ಖಾಲಿಯಾದಾಗ ಅವಳಿಗೆ ಕೈ ಚಾಚಿ ಬರೆಯಲು ಅನುಕೂಲವಾಯಿತು. ಅನುಕೂಲ ಪಡೆದವನ ಮಾತಿಗೆ ಬೆಲೆಯಿಲ್ಲ ಎನ್ನುವುದಾದರೆ, ಅನುಕೂಲ ತಪ್ಪಿದವರ ಮಾತನ್ನು ಕೇಳಿ. ಅವರು ಹನ್ನೆರಡು ಮಂದಿ ಇದ್ದಾರೆ, ವಿಳಾಸ ಪ್ರಭಾವತಿ ಟೀಚರ ಹತ್ತಿರ ಉಂಟು.

ನಮ್ಮ ಕಮಿಟಿಯ ಬೇಡಿಕೆ ಸ್ಪಷ್ಟ. ಏಳನೆಯ ತರಗತಿ ಉಳಿಯಬೇಕು. ಆರನೆಯ ಕೊನೆಯಲ್ಲಿ ಕೊಟ್ಟ ಟಿ.ಸಿ.ಗಳನ್ನು ಎಣಿಸದೆ ಯಾವ ಶಾಲೆಯ ಶೇಕಡಾವನ್ನೂ ತಾವು ಬರೆಯಬಾರದು. ಈ ಎರಡನ್ನೂ ಮಂಗಳೂರಿನ ಉಪನಿರ್ದೇಶಕರಿಗೆ ಬರೆದುಕೊಂಡಿದ್ದೇವೆ. ಜೂನ್ ಹನ್ನೆರಡಕ್ಕೆ ವಿಚಾರಿಸುವುದಾಗಿ ತಿಳಿಸಿದ್ದಾರೆ. ಕಷ್ಟವಿರುವುದು ದಿನಾಂಕದಲ್ಲಿ. ತಮ್ಮ ಆದೇಶದ ಕರಡು ಸಹಿಗೆಂದು ಮೇಜಿಗೆ ಬಂದಿದೆಯೆಂದು ಕೇಳಿದೆ. ಈಗಲೇ ಸಹಿಯಾದರೆ ಜೂನ್ ಒಂದಕ್ಕೆ ಮಕ್ಕಳ ಕೈಗೆ ಟಿ.ಸಿ. ಬರುತ್ತದೆ, ಹನ್ನೆರಡಕ್ಕೆ ವಿಚಾರಿಸಲು ತರಗತಿಯೇ ಇರುವುದಿಲ್ಲ, ಮತ್ತು ಆ ಸಣ್ಣ ತಡ್ಪೆ ಅಷ್ಟರಲ್ಲಿ ಹಳತಾಗಿರುತ್ತದೆ.

ಆದ್ದರಿಂದ ಒಂದು ಸಣ್ಣ ಉಪಕಾರ. ನಮ್ಮ ಮಾಡಿನ ಹೆಂಚು ಬದಲಾಯಿಸುವ ಅರ್ಜಿ ತಮ್ಮ ಕಚೇರಿಯಲ್ಲಿ ಐದು ಮಳೆಗಾಲ ಕಂಡಿದೆ. ಅದು ಯಾವ ಕಪಾಟಿನಲ್ಲಿ, ಯಾವ ಕಟ್ಟಿನ ಅಡಿಯಲ್ಲಿ ಇದೆಯೋ, ದಯವಿಟ್ಟು ಆ ಕರಡನ್ನೂ ಅದರ ಕೆಳಗೆ ತಳ್ಳಿಬಿಡಿ. ಜೂನ್ ಹನ್ನೆರಡರವರೆಗೆ ಸಾಕು.

ಇಂತಿ,
ತಮ್ಮ ಕಚೇರಿಯ ವಿಳಂಬವನ್ನು ಜೀವಮಾನದಲ್ಲಿ ಮೊದಲ ಬಾರಿ ನಂಬಿ ಕುಳಿತಿರುವ,
ರಘುಪತಿ ರಾವ್