ತವರದ ಬಳೆ

ಚರ್ಚಿನ ಹಿಂಬದಿಯ ಮರಗೆಲಸದ ಕೋಣೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ನಿಂತಿತೇ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ನನ್ನನ್ನು ಬೈಯುವಷ್ಟು ದಮ್ಮು ಇರುವ ತನಕ ಚಿಂತೆಯಿಲ್ಲ.

ಚರ್ಚಿನ ಹಳೆಯ ಆರ್ಗನ್ ರಿಪೇರಿಗೆ ಬಿಚ್ಚಿದ್ದಾರೆ. ಮರಗೆಲಸವೆಲ್ಲ ನನ್ನ ಪಾಲಿಗೆ ಬಂದಿದೆ. ಮುತ್ತಜ್ಜನ ಕಾಲದ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ಆದರೆ ಗಾಳಿ ತುಂಬುವ ತಿದಿಯ ತೊಗಲನ್ನು ಇಲಿಗಳು ತಿಂದು ತೇಗಿವೆ. ಇಷ್ಟು ವರ್ಷ ನಾವು ಭಕ್ತಿಯಿಂದ ಕೇಳಿದ ಏದುಸಿರು ಆ ತೂತುಗಳದ್ದಂತೆ! ಸ್ವರ ಹೊರಡಿಸುವ ತವರದ ಕೊಳವೆಗಳನ್ನೆಲ್ಲ ಬೆಂಚುಗಳ ಮೇಲೆ ಮಲಗಿಸಿದ್ದೇವೆ. ಚಿಕ್ಕದು ಪೆನ್ಸಿಲಿನಷ್ಟು, ದೊಡ್ಡದು ನನಗಿಂತ ಎತ್ತರ. ರಿಪೇರಿಗೆ ಬಂದಿರುವ ಮೇಡಂ ಭಾರಿ ಚುರುಕು, ನನ್ನ ಹರಟೆಗೆ ಮಾತ್ರ ಕಿವಿಗೊಡುವುದಿಲ್ಲ.

ಈಗ ನೀನು ಎತ್ತಬೇಡ ಎಂದ ವಿಷಯವನ್ನೇ ಎತ್ತುತ್ತೇನೆ, ಕಾಗದ ಹರಿಯಬೇಡ. ಚಿಕ್ಕವಳಿದ್ದಾಗ ಆ ಭಾನುವಾರ ಆರ್ಗನ್ ಜೊತೆ ನೀನು ಒಬ್ಬಳೇ ಹಾಡಲು ನಿಂತೆ. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. “ಇವಳ ದನಿ ಹೋಯ್ತು ಬಿಡಿ” ಎಂದು ಹಾಡಿನ ಮೇಷ್ಟ್ರು ಎಲ್ಲರೆದುರೇ ಹೇಳಿಬಿಟ್ಟರು. ಆಮೇಲೆ ನೀನು ನಿನ್ನ ಮಕ್ಕಳಿಗೆ ಜೋಗುಳವನ್ನೂ ಹಾಡಲಿಲ್ಲ. ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮೊನ್ನೆ ಮೇಡಂ ಕೊಳವೆಗಳ ತುದಿ ತೋರಿಸಿದರು. ಎಲ್ಲವನ್ನೂ ಯಾರೋ ಕತ್ತರಿಸಿದ್ದಾರೆ. ಕೊಳವೆ ಗಿಡ್ಡವಾದರೆ ಶ್ರುತಿ ಏರುತ್ತದೆ. ಬ್ಯಾಂಡಿನ ವಾದ್ಯಗಳಿಗೆ ಹೊಂದಲಿ ಎಂದು ಹಿಂದೆ ಹೀಗೆ ಮಾಡುತ್ತಿದ್ದರಂತೆ. “ಶ್ರುತಿ ಪೂರಾ ಅರ್ಧ ಸ್ವರ ಮೇಲೆ ಹೋಗಿದೆ. ಯಾವಾಗ ಕತ್ತರಿಸಿದ್ರೋ ಗೊತ್ತಿಲ್ಲ” ಎಂದರು. ನನಗೆ ಗೊತ್ತಿತ್ತು, ಅಕ್ಕಾ! ಆ ವರ್ಷ ರಿಪೇರಿಯವರು ಬಂದುಹೋದ ಮೇಲೆ ಅಂಗಳದಲ್ಲಿ ನಮಗೆ ತವರದ ಬಳೆಗಳು ಸಿಕ್ಕಿದ್ದವಲ್ಲ, ಎರಡು ಬೆರಳಗಲದವು? ನೀನು ಹಾಡಲು ನಿಂತಾಗಲೂ ಒಂದನ್ನು ತೊಟ್ಟಿದ್ದೆ. ಮನೆಗೆ ಬಂದು ಕಿತ್ತೆಸೆದೆ; ಅಮ್ಮ ಅದನ್ನು ಗುಂಡಿಗಳ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಮೊನ್ನೆ ಮನೆಗೆ ಓಡಿಹೋಗಿ ಅದನ್ನು ತಂದೆ. ಒಂದೊಂದೇ ಕೊಳವೆಯ ಮೇಲಿಟ್ಟು ನೋಡುತ್ತ ಹೋದೆವು. ಒಂದರ ಮೇಲೆ, ಕತ್ತರಿಯ ಸೊಟ್ಟ ಗುರುತಿನ ಸಮೇತ, ಸರಿಯಾಗಿ ಕೂತುಬಿಟ್ಟಿತು.

ನಿನ್ನ ದನಿ ಹೋಗಿರಲಿಲ್ಲ ಅಕ್ಕಾ. ಶ್ರುತಿ ಏರಿತ್ತು. ಉಳಿದವರೆಲ್ಲ ಗುಂಪಿನಲ್ಲಿ ಹೇಗೋ ಕಿರುಚಿ ದಾಟಿಕೊಂಡರು, ಒಂಟಿಯಾಗಿ ನಿಂತ ನೀನು ಸಿಕ್ಕಿಬಿದ್ದೆ. ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಕಾಗದ, ಪೆನ್ನು ತಂದು ನನ್ನ ಕೈಗಿಟ್ಟಳು. ಆಮೇಲೆ “ಇವತ್ತೇ ಬರೀ ಅವಳಿಗೆ” ಎಂದಳು.

ಭಾವನವರಿಗೆ ನಮಸ್ಕಾರ. ಮಕ್ಕಳು ಎಷ್ಟೇ ದೊಡ್ಡವರಾಗಿದ್ದರೂ ನನ್ನ ಪರವಾಗಿ ಒಮ್ಮೆ ಕೆನ್ನೆ ಹಿಂಡು.

ನಿನ್ನ ತಮ್ಮ,
ಬಾಯಿಬಡುಕ

ಹೇಳಲು ಮರೆತೆ: ಕೊಳವೆಗಳಿಗೆಲ್ಲ ತುಂಡು ಸೇರಿಸಿ ಹಳೇ ಶ್ರುತಿಗೆ ತರುತ್ತಿದ್ದಾರೆ. ನಿನ್ನ ಬಳೆಯನ್ನು ನಿನ್ನ ಕೇಳದೆಯೇ ಅದರ ಕೊಳವೆಗೆ ಬೆಸುಗೆ ಹಾಕಿಸಿದ್ದೇನೆ. ಆರ್ಗನ್ ಮತ್ತೆ ನುಡಿಯುವ ದಿನ ನೀನು ಅಂದು ಹಾಡಿದ ಹಾಡನ್ನು ಯಾರು ಹಾಡುತ್ತಾರೆ ಎಂದು ಮೇಡಂ ಕೇಳಿದರು. ನಿನ್ನ ಹೆಸರು ಕೊಟ್ಟೆ, ಅದನ್ನೂ ಕೇಳದೆಯೇ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈ. ಆದರೆ ಮೊದಲು ಹಾಡು.